ಗಿರಣಿಯಲ್ಲಿ ಚಾರ್ಜಿಗಿಟ್ಟ ಬ್ಯಾಟರಿ

ಯಾವ ಊರಿಗೆ ಹೋದರೂ, ಯಾರ ಮನೆಯ ಹೊಸ್ತಿಲು ದಾಟಿದರೂ, ನನ್ನ ಕಣ್ಣು ಮೊದಲು ಹುಡುಕುತ್ತಿದ್ದುದು ಗೋಡೆಯ ಮೇಲಿನ ಪ್ಲಗ್ಗನ್ನು. ಚಹಾ ಆಮೇಲೆ ಬರಲಿ, ಯೋಗಕ್ಷೇಮ ಆಮೇಲೆ ಆಗಲಿ. ಪ್ಲಗ್ಗಿನಲ್ಲಿ ಕರೆಂಟು ಇದೆಯೇ, ಇದ್ದರೆ ಎಷ್ಟೊತ್ತಿಗೆ ಹೋಗುತ್ತದೆ, ಅದು ಗೊತ್ತಾಗುವವರೆಗೆ ನನಗೆ ಸಮಾಧಾನವಿಲ್ಲ. ಗೊತ್ತಾದ ಮೇಲೆ ಇನ್ನೊಂದು ಚಿಂತೆ ಹಿಡಿಯುತ್ತಿತ್ತು: ನಾನು ಅತ್ತ ಹೋದ ಕೂಡಲೇ ನನ್ನ ಚಾರ್ಜರನ್ನು ಕೀಳುವವರು ಯಾರು? ಕೀಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ, ಯಾರು ಎಂಬುದಷ್ಟೇ ತಿಳಿಯಬೇಕಿತ್ತು. "ನಿಮಗ ನಿಮ್ಮ ನೆರಳಿನ ಮ್ಯಾಲೂ ಸಂಶೆ" ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ನೆರಳು ಚಾರ್ಜರಿಗೆ ಕೈ ಹಾಕುವುದಿಲ್ಲ. ಹಾಕುವಂತಿದ್ದರೆ ಅದರ ಮೇಲೂ ಒಂದು ಕಣ್ಣು ಇಟ್ಟಿರುತ್ತಿದ್ದೆ.

ನಾನು ಜಮಖಂಡಿಯಲ್ಲಿ ನೌಕರಿಯಲ್ಲಿದ್ದವನು. ವಾರವೆಲ್ಲ ಕುರ್ಚಿಯ ಮೇಲೆ ಕೂತು ಸವೆದವನಿಗೆ ಹಕ್ಕಿಯ ಹುಚ್ಚು ಹಿಡಿದದ್ದು ಆಲಮಟ್ಟಿಯ ಹಿನ್ನೀರು ನಮ್ಮ ಕಡೆಗೆ ನಿಂತ ಮೇಲೆ. ಮೊದಲು ನೀರೇ ಇಲ್ಲದಿದ್ದ ಕಡೆ ಸಮುದ್ರದಂತೆ ನೀರು ಬಂತು, ನೀರಿನ ಹಿಂದೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬಂದವು. ಡಿಜಿಟಲ್ ಕ್ಯಾಮೆರಾಗಳು ನಮ್ಮಂಥವರ ಕೈಗೂ ಸಿಗತೊಡಗಿದ ಕಾಲ ಅದು. ನಾನೂ ಒಂದನ್ನು ಕೊಂಡೆ. ಅದರ ಜೊತೆಗೆ ಬಂದದ್ದು ಒಂದೇ ಬ್ಯಾಟರಿ. ಎರಡನೆಯದನ್ನು ಮುಧೋಳದ ಅಂಗಡಿಯವನೊಬ್ಬ ತನ್ನ ಮನೆದೇವರ ಆಣೆ ಇಟ್ಟು, ಅಸಲಿ ಮಾಲು ಎಂದು ಮಾರಿದ. ಆಣೆ ಇಟ್ಟಾಗಲೇ ನನಗೆ ಅನುಮಾನ ಬಂದಿತ್ತು. ಆ ಬ್ಯಾಟರಿ ಬಿಸಿಲಿಗೆ ಹಿಡಿದ ಬೆಣ್ಣೆಯಂತೆ ನೋಡನೋಡುತ್ತ ಕರಗಿ ಹೋಗುತ್ತಿತ್ತು.

ಹೀಗಾಗಿ ಹೋದಲ್ಲೆಲ್ಲ ಪ್ಲಗ್ಗಿಗಾಗಿ ಕೈ ಚಾಚುವುದು ನನ್ನ ಪಾಲಿಗೆ ಬಂತು. ಮುಧೋಳದ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಟ್ಟರೆ, ಹಿಂತಿರುಗುವಷ್ಟರಲ್ಲಿ ನನ್ನದನ್ನು ಕಿತ್ತು ಮಾಲೀಕರ ಮೊಬೈಲು ಅಲ್ಲಿ ಕೂತಿರುತ್ತಿತ್ತು. ಸಾವಳಗಿಯಲ್ಲಿ ಪರಿಚಯದವರೊಬ್ಬರು ಪ್ರೀತಿಯಿಂದ ಚಾರ್ಜಿಗೆ ಹಚ್ಚಿದರು, ಸ್ವಿಚ್ಚು ಹಾಕಲು ಮರೆತರು. ಅದು ಮರೆವೇ ಎಂದು ನಾನು ಈಗಲೂ ಪೂರ್ತಿ ನಂಬಿಲ್ಲ. ಬನಹಟ್ಟಿಯಲ್ಲಿ ನಮ್ಮ ಸಂಬಂಧಿಕರ ಮಗ್ಗದ ಶೆಡ್ಡು ಇತ್ತು. ಮಗ್ಗಗಳು ಕರೆಂಟಿನ ಮೇಲೆ ನಡೆಯುವವು, ಅಲ್ಲಿ ಪ್ಲಗ್ಗಿಗೆ ಬರವಿಲ್ಲ ಎಂದುಕೊಂಡು ಹೋದೆ. ಒಂದು ತಾಸು ಕೂತಿರಲಿಲ್ಲ, ನೇಯುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಆಮೇಲೆ ಸಂಬಂಧಿಕನೇ ಬಂದು, "ಕ್ಯಾಮೆರಾ ಚೀಲದಾಗ ಇಡೋ ಮಾರಾಯಾ. ಸೆರಗಿನ ಡಿಸೈನ್ ಹೊಡಕೊಂಡು ಹೋಗಾಕ ಬಂದಾನ ಅನ್ನಾಕತ್ತಾರ" ಎಂದ. ಅಂದಿನಿಂದ ಆ ಮನೆಯಲ್ಲಿ ನನಗೆ ಚಹಾ ಹೊರಗಿನ ಕಟ್ಟೆಯ ಮೇಲೆಯೇ ಬರುತ್ತಿತ್ತು. ನನಗೆ ಸಿಟ್ಟು ಬಂತು. ಆದರೂ ಅವರ ಜಾಗದಲ್ಲಿ ನಾನಿದ್ದರೆ ಚಹಾ ಕೂಡ ಕೊಡುತ್ತಿರಲಿಲ್ಲ ಎಂದು ಬಸ್ಸಿನಲ್ಲಿ ಕೂತಾಗ ಅನ್ನಿಸಿತು.

ಈಗ ಹೇಳಬೇಕಾಗಿರುವುದು ಬೀಳಗಿ ಕಡೆಯ ಒಂದು ಊರಿನ ಗಿರಣಿಯ ಮಾತು. ಅದು ಮುಳುಗಡೆಯಾಗಿ ಮೇಲಿನ ದಿಬ್ಬಕ್ಕೆ ಎದ್ದು ಬಂದ ಊರು. ಹಳೆಯ ಊರು ಕೆಳಗೆ ನೀರಿನಲ್ಲಿತ್ತು. ಸಂಕ್ರಾಂತಿ ಕಳೆದು ಬಿಸಿಲು ಏರಿದಂತೆ ಹಿನ್ನೀರು ಹಿಂದೆ ಸರಿಯುತ್ತದೆ, ಕೆಸರು ಬಯಲಾಗುತ್ತದೆ, ಮೊಣಕಾಲು ಮುಳುಗದಷ್ಟು ನೀರಿನಲ್ಲಿ ರಾಜಹಂಸಗಳು ಬಂದು ನಿಲ್ಲುತ್ತವೆ. ಉದ್ದ ಕಾಲಿನ, ಗುಲಾಬಿ ರೆಕ್ಕೆಯ ಆ ಹಕ್ಕಿಗಳಿಗಾಗಿಯೇ ನಾನು ಶನಿವಾರ ಮಧ್ಯಾಹ್ನ ಆಫೀಸು ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ರಾತ್ರಿ ಊರಿನ ಮಠದ ಪಡಸಾಲೆಯಲ್ಲಿ ಮಲಗಿ, ರವಿವಾರ ಇಡೀ ದಿನ ದಂಡೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿಗೆ ಕ್ಯಾಮೆರಾ ಹಚ್ಚಿ ಕೂತು, ಸಂಜೆ ಜಮಖಂಡಿಗೆ ವಾಪಸು. ಮಠದಲ್ಲಿ ಒಂದು ಬಲ್ಬು ಬಿಟ್ಟರೆ ಏನೂ ಇರಲಿಲ್ಲ. ಊರಲ್ಲಿ ಧೈರ್ಯವಾಗಿ ಪ್ಲಗ್ಗು ಎನ್ನಬಹುದಾದದ್ದು ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ ಮಾತ್ರ.

ಗಿರಣಿ ನಡೆಸುತ್ತಿದ್ದವರು ಐವತ್ತರ ಆಚೀಚಿನ ಒಬ್ಬ ಹೆಣ್ಣುಮಗಳು. ಅವರ ಯಜಮಾನರು ಹೊಲ ನೋಡಿಕೊಳ್ಳುತ್ತಿದ್ದರು, ಮಾತು ಕಡಿಮೆ. ನಾನು ಆಕೆಯನ್ನು ಅಕ್ಕಾರ ಎಂದು ಕರೆದೆ, ಅವರು ನನ್ನನ್ನು ಸಾಹೇಬ್ರ ಎಂದು ಕರೆದರು. "ನಾ ಸಾಹೇಬ ಅಲ್ರಿ, ಹಕ್ಕಿ ಫೋಟೋ ತಗ್ಯಾಕ ಬಂದೇನಿ" ಎಂದರೆ, "ಆತ್ರಿ ಸಾಹೇಬ್ರ" ಎಂದರು. ಚಾರ್ಜರು ಹಚ್ಚಲು ತಕರಾರು ಮಾಡಲಿಲ್ಲ. ಚಾರ್ಜ್ ಆಗುವಾಗ ಕೆಂಪು ದೀಪ, ತುಂಬಿದ ಮೇಲೆ ಹಸಿರು ದೀಪ ಎಂದು ನಾನು ವಿವರಿಸಿದಾಗ ಆ ದೀಪವನ್ನು ಬಹಳ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡಿದ್ದು ನನಗೆ ಸರಿಬರಲಿಲ್ಲ.

ಗಿರಣಿಯ ಬೆನ್ನಿಗೇ ಅವರ ಮನೆ. ತಗಡು ಹೊದಿಸಿದ ಹಳೆಯ ಪತ್ರಾಸಿನ ಮನೆಯ ಪಕ್ಕಕ್ಕೆ ಇಟ್ಟಂಗಿ ಗೋಡೆಗಳು ಎದ್ದು ನಿಂತಿದ್ದವು. ಮೂಲೆಮೂಲೆಗೆ ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖ ಮಾಡಿದ್ದವು, ಮೇಲೆ ಸ್ಲ್ಯಾಬ್ ಮಾತ್ರ ಇರಲಿಲ್ಲ. ಮಗನಿಗೆ ಹೆಣ್ಣು ಗೊತ್ತಾಗಿತ್ತು, ಆದರೆ ಹೆಣ್ಣಿನ ಕಡೆಯವರು ಪತ್ರಾಸಿನ ಮನೆಗೆ ಮಗಳನ್ನು ಕೊಡುವುದಿಲ್ಲ, ಸ್ಲ್ಯಾಬ್ ಹಾಕಿದ ಮೇಲೆಯೇ ಅಕ್ಕಿಕಾಳು ಎಂದು ಕೂತಿದ್ದರು. ಇದನ್ನು ಅಕ್ಕನೇ ಮೊದಲ ವಾರ ಹೇಳಿದ್ದರು. ಹೇಳಿ, ಜೋಳದ ಹಿಟ್ಟು ತುಂಬುತ್ತ ತುಂಬುತ್ತ, "ಸಾಹೇಬ್ರ, ಈ ವರ್ಷ ಸ್ಲ್ಯಾಬ್ ಹಾಕಬಹುದೇನ್ರಿ?" ಎಂದು ಕೇಳಿದರು.

ಹೊರಗೆ ಮಾರ್ಚ್ ತಿಂಗಳ ಬಿಸಿಲು ಕಾದ ಹಂಚಿನಂತೆ ಸುಡುತ್ತಿತ್ತು. ಇಂಥ ಬಿಸಿಲಲ್ಲಿ ಕಾಂಕ್ರೀಟು ಬಿರುಕು ಬಿಡುತ್ತದೆ ಎಂದು ನಮ್ಮ ಓಣಿಯ ಮನೆ ಕಟ್ಟುವ ಗೌಂಡಿ ಹೇಳಿದ್ದು ನೆನಪಿತ್ತು. ಸುಮ್ಮನೆ ಬಾಯಿಗೆ ಬಂದದ್ದು, "ಸ್ವಲ್ಪ ತಡೀರಿ ಅಕ್ಕಾರ, ಗಡಿಬಿಡಿ ಯಾಕ" ಎಂದೆ. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬ್ಯಾಗು ಹೆಗಲಿಗೇರಿಸಿ ದಂಡೆಗೆ ಹೋದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪಾಡು. ಬೆಳಗಿನಿಂದ ಚಾರ್ಜಿಗಿಟ್ಟ ಬ್ಯಾಟರಿ ಮಧ್ಯಾಹ್ನ ಬಂದು ಕ್ಯಾಮೆರಾಕ್ಕೆ ಹಾಕಿದರೆ ಅರ್ಧವೂ ತುಂಬಿರುತ್ತಿರಲಿಲ್ಲ. ಕೇಳಿದರೆ, "ಕರೆಂಟ್ ಇರಲಿಲ್ರಿ" ಎಂಬ ಉತ್ತರ. ಆದರೆ ಗಿರಣಿಯ ಮುಂದೆ ಹಿಟ್ಟಿನ ಡಬ್ಬಿಗಳು ಸಾಲಾಗಿ ತುಂಬಿ ನಿಂತಿರುತ್ತಿದ್ದವು. ಕರೆಂಟಿಲ್ಲದೆ ಜೋಳ ತಾನೇ ಹಿಟ್ಟಾಯಿತೇ? ಮೊದಲು ಮುಧೋಳದ ಅಂಗಡಿಯವನನ್ನು ಬೈದುಕೊಂಡೆ. ಆಮೇಲೆ ಹಿಟ್ಟಿನ ಧೂಳಿನ ಮೇಲೆ ಅನುಮಾನಪಟ್ಟು ಚಾರ್ಜರಿಗೆ ಕರವಸ್ತ್ರ ಹೊದಿಸಿದೆ. ಕೊನೆಗೆ ಒಂದು ಉಪಾಯ ಮಾಡಿದೆ. ಚಾರ್ಜರಿನ ವಾಯರನ್ನು ಗೋಡೆಯ ಮೊಳೆಗೆ ಸುತ್ತಿ ನನ್ನದೇ ರೀತಿಯಲ್ಲಿ ಒಂದು ಗಂಟು ಹಾಕಿಟ್ಟು ಹೋದೆ. ಬಂದು ನೋಡಿದರೆ ಗಂಟು ಇತ್ತು, ಆದರೆ ನನ್ನ ಗಂಟಲ್ಲ. ಜೋಳದ ಚೀಲದ ಬಾಯಿ ಕಟ್ಟುವಾಗ ಹಾಕುತ್ತಾರಲ್ಲ, ಒಂದು ಎಳೆ ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟು, ಅದು. ಗಿರಣಿಯಲ್ಲಿ ಆ ಗಂಟು ಹಾಕುವ ಕೈ ಒಂದೇ.

ಇತ್ತ ದಂಡೆಯಲ್ಲಿ ಇನ್ನೊಂದು ಆಟ ನಡೆದಿತ್ತು. ವಾರವಾರಕ್ಕೆ ನೀರಿನ ಅಂಚು ಹಿಂದೆ ಹೋಗುತ್ತದೆ, ಅಂಚು ಹೋದಲ್ಲಿಗೆ ಹಕ್ಕಿ ಹೋಗುತ್ತದೆ. ಅದು ಎಷ್ಟು ಸರಿದಿದೆ ಎಂದು ತಿಳಿಯಲು ನಾನು ಪ್ರತಿ ರವಿವಾರ ಅಂಚಿಗೆ ತೊಗರಿ ಕಟ್ಟಿಗೆಗಳನ್ನು ನೆಟ್ಟು, ದೂರದಿಂದ ಕಾಣಲೆಂದು ತುದಿಗೆ ಹೆಂಡತಿಯ ಹಳೆಯ ಕೆಂಪು ಖಣದ ಚಿಂದಿ ಕಟ್ಟಿ ಬರುತ್ತಿದ್ದೆ. ಮುಂದಿನ ವಾರ ಹೋಗಿ ನೋಡಿದರೆ ಕಟ್ಟಿಗೆಗಳು ಇದ್ದವು. ಕಿತ್ತು ಎಸೆದಿದ್ದರೆ ದನದ ಕೆಲಸ ಅನ್ನಬಹುದಿತ್ತು. ಇವು ನೆಟ್ಟಗೆ ನಿಂತಿದ್ದವು, ನೀರಿಗೆ ತೀರ ಹತ್ತಿರ, ಹೊಳೆಯ ಕಡೆಗೆ ಬಹಳಷ್ಟು ಸರಿದು. ನನ್ನ ಲೆಕ್ಕಾಚಾರವೆಲ್ಲ ತಪ್ಪಿತು. ಅದು ಗೊತ್ತಾಗುವ ಮೊದಲು ನೀರು ಸರಿದೇ ಇಲ್ಲವೆಂದು ಎಲ್ಲೋ ಕೂತೆ, ಹಕ್ಕಿಗಳು ಇನ್ನೆಲ್ಲೋ ನಿಂತವು. ಮೀನು ಹಿಡಿಯುವವರ ಮೇಲೆ ಅನುಮಾನ ಬಂತು. ಬಾಗಲಕೋಟೆಯಿಂದ ಒಬ್ಬ ಹಕ್ಕಿ ಫೋಟೋದವನು ಬರುತ್ತಿದ್ದ, ನನಗಿಂತ ದೊಡ್ಡ ಲೆನ್ಸು ಇದ್ದವನು. ಅವನ ಮೇಲೆ ಇನ್ನೂ ಹೆಚ್ಚು ಬಂತು.

ಮತ್ತೆರಡು ವಾರ ಸಹಿಸಿದೆ. ಒಂದು ರವಿವಾರ ಮಧ್ಯಾಹ್ನ ತಲೆ ಸುಡುತ್ತ, ಮುಖ ಗಂಟು ಹಾಕಿಕೊಂಡು ಗಿರಣಿಗೆ ಬಂದೆ. ಹಕ್ಕಿಗಳು ಅಂದು ಎಂದೂ ಬಾರದಷ್ಟು ಹತ್ತಿರ ಬಂದಿದ್ದವು, ಕ್ಯಾಮೆರಾ ನಡುವೆಯೇ ಕಣ್ಣು ಮುಚ್ಚುವ ಹಂತಕ್ಕೆ ಬಂದಿತ್ತು. ಗಿರಣಿ ತಿರುಗುತ್ತಿತ್ತು. ಚಾರ್ಜರು ಮೊಳೆಗೆ ತೂಗುಬಿದ್ದಿತ್ತು, ಪ್ಲಗ್ಗು ಖಾಲಿ. ನಾನು ಏನೋ ಒದರಿದೆ, ಗಿರಣಿಯ ಬೆಲ್ಟಿನ ಪಟ್ಟಾದ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಪಟ್ಟಾ ಸಾವಕಾಶವಾಗಿ ನಿಂತಿತು, ಗಿರಣಿಯೊಳಗೆ ಹಿಟ್ಟಿನ ವಾಸನೆಯೊಂದೇ ಉಳಿಯಿತು.

"ಅಕ್ಕಾರ, ಕರೆಂಟ್ ಹೋಗಿದ್ದು ಈಗ. ನನ್ನ ಪ್ಲಗ್ ಯಾವಾಗ ತಗದ್ರಿ?"

ನಾನಲ್ಲ ಎನ್ನುತ್ತಾರೆ, ಆಗ ಗಂಟಿನ ಸಾಕ್ಷಿ ಮುಂದಿಡಬೇಕು ಎಂದು ನಾನು ತಯಾರಾಗಿ ನಿಂತಿದ್ದೆ. ಅಕ್ಕ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು.

"ನೀವು ಆ ಕಡೆ ಹ್ವಾದ ಕೂಡ್ಲೆ ತಗದೇನ್ರಿ. ಪ್ರತಿ ಸಲಾನೂ ತಗದೇನಿ, ನೀವು ಬರೂದ ಕಂಡ್ರ ಮತ್ತ ಹಚ್ಚೇನಿ" ಎಂದರು. ಅವರ ದನಿಯಲ್ಲಿ ಅಂಜಿಕೆಯಿರಲಿಲ್ಲ. "ಈಗ ನೀವು ಹೇಳ್ರಿ. ಎಲ್ಲೀ ತನಕ ಬಂತ್ರಿ ನಿಮ್ಮ ಅಳತಿ?"

"ಯಾವ ಅಳತಿ?"

"ಗೊತ್ತಿಲ್ದವರಂಗ ಮಾಡಬ್ಯಾಡ್ರಿ ಸಾಹೇಬ್ರ. ಮೂರ ಕಾಲಿಂದು ಹಿಡಕೊಂಡು ದಂಡಿ ಮ್ಯಾಲ ದಿನಗಟ್ಲೆ ಕುಂಡರತೀರಿ. ಕೆಂಪು ಅರಿವಿ ಕಟ್ಟಿ ಗೂಟ ಹೊಡೀತೀರಿ. ಹೋದ ಸಲ ಬಂದವ್ರೂ ಹಿಂಗ ಮಾಡಿದ್ರು. ಮೂರ ಕಾಲಿನ ಮಷೀನ ತಂದ್ರು, ಗೂಟ ಹೊಡದ್ರು, ಗ್ವಾಡಿ ಮ್ಯಾಲ ಕೆಂಪು ಬಣ್ಣ ಹಚ್ಚಿದ್ರು. ಅವರ ಕೆಲಸ ಮುಗೀತು, ನಮ್ಮ ಕೈಗೆ ನೋಟೀಸು ಬಂತು. ಈಗ ಡ್ಯಾಮಿನ ಕಟ್ಟಿ ಎತ್ತರ ಏರಸ್ತಾರ, ಈ ದಿಬ್ಬಕ್ಕೂ ನೀರ ಬರತೈತಿ ಅಂತ ಊರೆಲ್ಲಾ ಮಾತ ಐತಿ. ನಿಮ್ಮ ಬ್ಯಾಟ್ರಿ ತುಂಬಿದ್ರ ನಿಮ್ಮ ಕೆಲಸ ಮುಗೀತೈತಿ. ತುಂಬಲಿಲ್ಲಂದ್ರ ಮುಗಿಯೂದಿಲ್ಲ. ಅದಕ ತಗದೇನಿ."

ಇಷ್ಟು ವಾರಗಳಿಂದ ನಾನು ಇವರನ್ನು ಹಿಡಿಯಲು ಉಪಾಯ ಹೂಡುತ್ತಿದ್ದರೆ, ಇವರು ನನ್ನ ಕೈಯಿಂದ ಊರನ್ನೇ ಉಳಿಸಿಕೊಳ್ಳಲು ಪ್ಲಗ್ಗು ಕೀಳುತ್ತಿದ್ದರು. ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಅವರ ಮುಂದಿನ ಮಾತು ನನ್ನ ಎದೆಗೆ ನಾಟಿತು.

"ಸ್ಲ್ಯಾಬಿಗೆ ಎಲ್ಲಾ ತಯಾರಿತ್ತು. ಸೆಂಟ್ರಿಂಗ್ ಹಲಗಿ, ಫಳಿ ತಂದು ಒಟ್ಟಿದ್ವಿ. ನೀವಽ ಅಂದ್ರಿ, ಸ್ವಲ್ಪ ತಡೀರಿ ಅಂತ. ಸಾಹೇಬ್ರ ಹಂಗ ಅಂದ್ರ ಅದರಾಗ ಏನರ ಇರಬೇಕು ಅಂತ ಮನ್ಯಾವ್ರು ಕೆಲಸ ನಿಲ್ಲಿಸಿದ್ರು. ಹೆಣ್ಣಿನ ಕಡ್ಯಾವ್ರು ಮೂರು ಸಲ ಬಂದು ಸರಳ ನೋಡಿಕೊಂಡು ಹ್ವಾದ್ರು. ಈಗ ಬ್ಯಾರೆ ವರ ನೋಡಾಕತ್ತಾರಂತ."

"ಅಕ್ಕಾರ, ಅದು ಬಿಸಿಲಿಗೆ ಅಂದಿದ್ದು. ಬಿಸಿಲಾಗ ಸ್ಲ್ಯಾಬ್ ಸೀಳತೈತಿ ಅಂತ ಅಂದಿದ್ದು!" ಎಂದು ನಾನು ಹೆಚ್ಚುಕಡಿಮೆ ಕೂಗಿದೆ.

ಅಕ್ಕ ಬಿಸಿಲಿನ ಮಾತು ಹೇಳಲು ಜಮಖಂಡಿಯಿಂದ ಬರಬೇಕೇ ಎನ್ನುವಂತೆ ನಿಂತಿದ್ದರು. ಅಷ್ಟರಲ್ಲಿ ಯಜಮಾನರು ಹೊಲದಿಂದ ಬಂದು ಬಾಗಿಲಲ್ಲಿ ನಿಂತರು. ನಾನು ಕ್ಯಾಮೆರಾ ತೆಗೆದು, ಉಳಿದಿದ್ದ ಚೂರು ಚಾರ್ಜಿನಲ್ಲಿ ಹಿಂದಿನ ಪರದೆಯ ಮೇಲೆ ಹಕ್ಕಿಗಳನ್ನು ತೋರಿಸತೊಡಗಿದೆ. ರಾಜಹಂಸ, ಬಾತು, ಕೊಕ್ಕರೆ, ಮತ್ತೆ ರಾಜಹಂಸ. ಇಬ್ಬರೂ ತಲೆ ಬಗ್ಗಿಸಿ ನೋಡಿದರು. ಅಷ್ಟೂ ಹಕ್ಕಿಗಳೇ ಇದ್ದವು. ಅದೇ ಅವರ ಅನುಮಾನ ಹೆಚ್ಚಿಸಿತು.

"ಹಕ್ಕಿ ತಗ್ಯಾಕ ನಿಮಗ ಪಗಾರ ಯಾರು ಕೊಡತಾರ್ರಿ?" ಎಂದು ಯಜಮಾನರು ಕೇಳಿದರು.

"ಯಾರೂ ಕೊಡೂದಿಲ್ರಿ."

"ಪಗಾರ ಇಲ್ದ ನೌಕರಿ ಮನಷ್ಯಾ ಬಿಸಲಾಗ ಕುಂಡರತಾನೇನು?" ಎಂದು ಅವರು ನನ್ನನ್ನು ಬಿಟ್ಟು ಹೆಂಡತಿಯನ್ನು ಕೇಳಿದರು. ನನ್ನ ಹೆಂಡತಿಯೂ ಹಲವು ಸಲ ಕೇಳಿದ ಪ್ರಶ್ನೆ ಅದು, ಅವಳಿಗೂ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ. ಪರದೆ ಅಷ್ಟರಲ್ಲಿ ಕಪ್ಪಾಯಿತು. ಗೂಟಗಳನ್ನು ಸರಿಸುತ್ತಿದ್ದವರು ತಾವೇ ಎಂದು ಯಜಮಾನರು ತಾವಾಗಿ ಹೇಳಿದರು. ಅಳತೆ ಗೂಟದಿಂದ ಶುರುವಾಗುತ್ತದೆ, ಗೂಟವನ್ನು ಹೊಳೆಯ ಕಡೆ ಸರಿಸಿದರೆ ಅಳತೆಯ ಕೊನೆ ಊರನ್ನು ಮುಟ್ಟುವುದಿಲ್ಲ ಎಂಬುದು ಅವರ ಲೆಕ್ಕ. ಹೊಲದ ಬಾಂದು ಕಲ್ಲು ಸರಿಸುವುದನ್ನು ನೋಡಿಯೇ ಬೆಳೆದವರಿಗೆ ಇದು ತೋಚದೇ ಇರುತ್ತದೆಯೇ? ಬಾಗಲಕೋಟೆಯವನನ್ನು ಸುಮ್ಮನೆ ಬೈದುಕೊಂಡಿದ್ದೆ.

ಆಗ ಅಕ್ಕ ನನ್ನ ಎದುರಿಗೆ ಬಂದು ನಿಂತರು. ಇಷ್ಟು ದಿನ ಬಳಸಿಬಳಸಿ ಕೇಳುತ್ತಿದ್ದುದನ್ನು ನೇರವಾಗಿ ಕೇಳಿದರು.

"ನೀವು ಯಾರರ ಇರ್ರಿ. ಕಲ್ತವ್ರದೀರಿ. ಈ ಮನಿಗೆ ನೀರ ಬರತೈತೋ, ಬರೂದಿಲ್ಲೋ? ಒಂದ ಮಾತ ಹೇಳ್ರಿ."

ಬರುವುದಿಲ್ಲ ಅಂದುಬಿಡಬೇಕು ಅನ್ನಿಸಿತು. ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದರೆ ಅಕ್ಕನ ಮುಖ ಅರಳುತ್ತದೆ, ಸ್ಲ್ಯಾಬ್ ಹಾಕುತ್ತಾರೆ, ಮದುವೆ ಆಗುತ್ತದೆ, ನನ್ನ ಬ್ಯಾಟರಿಯೂ ತುಂಬುತ್ತದೆ. ಆದರೆ ಆಣೆಕಟ್ಟಿನ ಎತ್ತರದ ಬಗ್ಗೆ ನನಗೆ ಗೊತ್ತಿದ್ದದ್ದು ಪೇಪರಿನಲ್ಲಿ ಓದಿದ್ದಷ್ಟೇ, ಅದೂ ಒಂದು ದಿನ ಏರಿಸುತ್ತಾರೆ, ಇನ್ನೊಂದು ದಿನ ಇಲ್ಲ. ನಾನು ಒಂದು ಸಲ ಬಾಯಿಗೆ ಬಂದದ್ದು ಆಡಿದ್ದಕ್ಕೆ ಇಲ್ಲಿ ಒಂದು ಮನೆ ಅರ್ಧಕ್ಕೆ ನಿಂತಿತ್ತು. ಹೆದರಿಕೆಯಾಯಿತು.

"ನನಗ ಗೊತ್ತಿಲ್ರಿ ಅಕ್ಕಾರ" ಎಂದೆ. "ಖರೆ ಹೇಳತೇನಿ. ಗೊತ್ತಿಲ್ಲ."

ಅಕ್ಕ ಗಂಡನ ಮುಖ ನೋಡಿದರು. ಗಂಡ ಅಕ್ಕನ ಮುಖ ನೋಡಿದರು. ನಾನು ಬೈಗುಳಕ್ಕೆ ತಯಾರಾಗಿದ್ದೆ.

"ಇಂವ ಸರಕಾರದಾಂವ ಅಲ್ಲ" ಎಂದರು ಅಕ್ಕ.

ಯಜಮಾನರು ಯಾಕೆ ಎಂಬಂತೆ ಹುಬ್ಬೇರಿಸಿದರು.

"ಹೋದ ಸಲ ಬಂದವ್ರೆಲ್ಲಾರೂ ಏನ್ ಅಂದಿದ್ರು? ಜೀಪಿನಾಗ ಬಂದವ್ರು ಅಂದ್ರು, ಬರೂದಿಲ್ಲ. ಮಷೀನ ತಂದವ್ರು ಅಂದ್ರು, ಇಲ್ಲೀ ತನಕ ಬರೂದಿಲ್ಲ, ಆರಾಮ ಇರ್ರಿ. ಗೊತ್ತಿಲ್ಲ ಅಂತ ಒಬ್ಬರರ ಅಂದ್ರೇನು?" ಆಮೇಲೆ ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಸಾಹೇಬ್ರ ಬಿಟ್ಟು, "ತಮ್ಮಾ, ಕುಂಡ್ರು. ಊಟಾ ಮಾಡು" ಎಂದರು.

ಕೂತೆ. ರೊಟ್ಟಿ ಬಂತು, ಮೆಣಸಿನಕಾಯಿಯ ಹಿಂಡಿ ಬಂತು, ಮೊಸರು ಬಂತು. ನಾನು ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಗಂಡ ಹೆಂಡತಿ ಒಳಗೆ ಮಾತಾಡಿಕೊಂಡು ನಿರ್ಧಾರ ಮಾಡಿಯಾಗಿತ್ತು. ಗೂಟ ಬರೀ ಹಕ್ಕಿಯ ಗೂಟ, ಅಳತೆ ಇನ್ನೂ ಶುರುವಾಗಿಲ್ಲ, ಹಾಗಾದರೆ ಬರುವ ವಾರವೇ ಸ್ಲ್ಯಾಬ್ ಹಾಕಿಬಿಡುವುದು. ಅದನ್ನು ಕೇಳಿ ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. "ಅಕ್ಕಾರ, ನನ್ನ ಮಾತ ಕೇಳಿ ಹಾಕಬ್ಯಾಡ್ರಿ. ನಾ ಏನೂ ಹೇಳಿಲ್ಲ" ಎಂದೆ.

"ನೀ ಏನೂ ಹೇಳಿಲ್ಲ ಅಂತನಽ ಹಾಕಾಕತ್ತೇವಿ" ಎಂದರು ಅಕ್ಕ, ಇನ್ನೊಂದು ರೊಟ್ಟಿ ತಟ್ಟೆಗೆ ಹಾಕುತ್ತ.

ಬದುಕಿನುದ್ದಕ್ಕೂ ನಾನು ಬೇರೆಯವರನ್ನು ನಂಬದೆಯೇ ಇದ್ದವನು, ಅದು ನನಗೆ ಒಗ್ಗಿದ ಕೆಲಸ. ನನ್ನನ್ನು ಒಬ್ಬರು ಹೀಗೆ ನಂಬಿ ಕಬ್ಬಿಣ, ಸಿಮೆಂಟು, ಮಗನ ಮದುವೆ ಎಲ್ಲ ತಂದು ಮುಂದಿಟ್ಟಾಗ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. ಬಸ್ಸಿನಲ್ಲಿ ಜಮಖಂಡಿಯವರೆಗೂ ಬೆವರುತ್ತಲೇ ಬಂದೆ.

ಸ್ಲ್ಯಾಬ್ ಹಾಕಿದ್ದಾಯಿತು. ಮಳೆಗಾಲಕ್ಕೆ ಮುಂಚೆ ಅದೇ ಹೆಣ್ಣಿನ ಜೊತೆ ಮಗನ ಮದುವೆಯೂ ಆಯಿತು. ನೀರು ಮತ್ತೆ ಏರಿ, ಮತ್ತೆ ಇಳಿದು, ಹಕ್ಕಿಗಳು ಬರುವ ಹೊತ್ತಿಗೆ ನಾನು ಆ ಊರಿಗೆ ಹೋದಾಗ ಅಕ್ಕ ನನ್ನನ್ನು ನಿಚ್ಚಣಿಕೆ ಹತ್ತಿಸಿ ಹೊಸ ಸ್ಲ್ಯಾಬಿನ ಮೇಲೆ ಕರೆದೊಯ್ದರು. ಮೇಲೆ ಹೊಸ ಸೊಸೆ ಮೆಣಸಿನಕಾಯಿ ಒಣಗಿಸಿದ್ದಳು. ಅಲ್ಲಿ ನಿಂತರೆ ದಿಬ್ಬದ ಕೆಳಗೆ ಹಿನ್ನೀರು ಇಡಿಯಾಗಿ ಕಾಣುತ್ತಿತ್ತು. ಕೆಳಗಿನಿಂದ ನೋಡಿದಾಗ ಅದು ಇಷ್ಟು ಹತ್ತಿರವಿದೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

"ಪೇಪರದಾಗ ಮತ್ತ ಬಂದೈತಂತಲ್ಲ, ಕಟ್ಟಿ ಏರಸ್ತಾರಂತ" ಎಂದರು ಅಕ್ಕ ನೀರನ್ನೇ ನೋಡುತ್ತ.

"ಬಂದೈತ್ರಿ."

"ಏನ್ ಅನಸ್ತೈತಿ ನಿನಗ?"

ಮೆಣಸಿನಕಾಯಿ, ಸೊಸೆಯ ಹಸಿರು ಬಳೆ, ಇನ್ನೂ ಬಣ್ಣ ಕಾಣದ ಗೋಡೆ, ಇದನ್ನೆಲ್ಲ ನೋಡಿ ಮನಸ್ಸು ಸಂಕಟಪಟ್ಟಿತು. ಈ ಸಲವಾದರೂ ಏನಾದರೂ ಒಳ್ಳೆಯದು ಅನ್ನಬೇಕು ಎಂದು ಬಾಯಿ ತೆರೆದೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಕೈ ಅಡ್ಡ ಹಿಡಿದು ನನ್ನನ್ನು ತಡೆದರು.

"ಬ್ಯಾಡ, ಹೇಳಬ್ಯಾಡ. ಗೊತ್ತಿಲ್ಲ ಅನ್ನೂ ತನಕಾ ನೀ ಬರ್ತಾ ಇರು. ಯಾವತ್ತ 'ಬರೂದಿಲ್ಲ' ಅಂತೀಯೋ, ಅವತ್ತ ನಾವು ಗಂಟುಮೂಟಿ ಕಟ್ಟತೀವಿ."

ಇದನ್ನು ಅವರು ನಗುತ್ತ ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ನಿಂತು ನೀರು ನೋಡಿದೆ.